ಬಿಡುವಿಲ್ಲದವರು ಶಿಕ್ಷಕರ ಬಳಿ ಗಿಟಾರ್ ಕಲಿಯುವ ಕ್ರಮ: ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ತೋಟ, ಕಚೇರಿ, ಅಂಗಡಿ ಅಥವಾ ಹೋಂಸ್ಟೇ ಕೆಲಸದ ನಡುವೆ ಗಿಟಾರ್ ಕಲಿಯಲು ಹೊರಟವರಲ್ಲಿ ಅನೇಕರು ಎರಡು ಮೂರು ತಿಂಗಳಲ್ಲೇ ಕೈಬಿಡುತ್ತಾರೆ. ಕೈಬಿಡುವ ಬಗೆಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಮೊದಲು ಗಿಟಾರ್ ಕೊಳ್ಳುತ್ತಾರೆ, ಆಮೇಲೆ ಶಿಕ್ಷಕರನ್ನು ಹುಡುಕುತ್ತಾರೆ, ಕೊನೆಗೆ ಅಭ್ಯಾಸಕ್ಕೆ ಸಮಯವಿದೆಯೇ ಎಂದು ನೋಡುತ್ತಾರೆ. ಅಷ್ಟು ಹೊತ್ತಿಗೆ ತರಗತಿಗೆ ಬರಿಗೈಯಲ್ಲಿ ಹೋಗಿ ಹಿಂದಿನ ವಾರದ ಪಾಠವನ್ನೇ ಮತ್ತೆ ಹೇಳಿಸಿಕೊಳ್ಳುವ ಮುಜುಗರ ಶುರುವಾಗಿರುತ್ತದೆ. ಮುಜುಗರದಿಂದ ಒಂದು ತರಗತಿ ತಪ್ಪುತ್ತದೆ, ತಪ್ಪಿದ್ದರಿಂದ ಇನ್ನೊಂದು. ಇಲ್ಲಿ ಆ ಕ್ರಮವನ್ನು ತಿರುಗಿಸಲಾಗಿದೆ. ಹಂತಗಳನ್ನು ಇದ್ದ ಅನುಕ್ರಮದಲ್ಲೇ ಪಾಲಿಸಿ, ಯಾವುದನ್ನೂ ಹಾರಿಸಬೇಡಿ.

## ಹಂತ 1: ಶಿಕ್ಷಕರಿಗಿಂತ ಮೊದಲು ಸಮಯ

ವಾರಕ್ಕೊಮ್ಮೆ ಒಂದು ಗಂಟೆಯ ತರಗತಿಯಲ್ಲಿ ಬೆರಳುಗಳು ಏನನ್ನೂ ಕಲಿಯುವುದಿಲ್ಲ. ತರಗತಿ ಇರುವುದು ತಪ್ಪು ತಿದ್ದಿಸಿಕೊಳ್ಳಲು. ಕಲಿಕೆ ನಡೆಯುವುದು ಉಳಿದ ಆರು ದಿನಗಳಲ್ಲಿ. ಆದ್ದರಿಂದ ಶಿಕ್ಷಕರಿಗೆ ಫೋನ್ ಮಾಡುವ ಮೊದಲೇ ದಿನಕ್ಕೆ 20 ನಿಮಿಷ ಎಲ್ಲಿಂದ ಬರುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಇದಕ್ಕೊಂದು ಸರಳ ಪರೀಕ್ಷೆಯಿದೆ. ಗಿಟಾರ್ ಇಲ್ಲದೆಯೇ ಎರಡು ವಾರಗಳ ಕಾಲ, ನೀವು ಆರಿಸಿಕೊಂಡ ಹೊತ್ತಿನಲ್ಲಿ, ಮನೆಯ ಒಂದು ನಿಶ್ಚಿತ ಜಾಗದಲ್ಲಿ 20 ನಿಮಿಷ ಕುಳಿತು ನೀವು ನುಡಿಸಬಯಸುವ ಹಾಡುಗಳನ್ನು ಕೇಳಿ, ಅವುಗಳ ತಾಳವನ್ನು ತೊಡೆಯ ಮೇಲೆ ತಟ್ಟಿ ಎಣಿಸಿ. ನಾಲ್ಕರ ಎಣಿಕೆ ಯಾವುದು, ಆರರ ಎಣಿಕೆ ಯಾವುದು ಎಂಬ ಗುರುತು ಆಗಲೇ ಸಿಗುತ್ತದೆ, ಮತ್ತು ಅದು ಮುಂದೆ ಕೆಲಸಕ್ಕೆ ಬರುತ್ತದೆ. ವಾರದಲ್ಲಿ ಐದು ದಿನವಾದರೂ ಕುಳಿತುಕೊಳ್ಳಲು ಸಾಧ್ಯವಾದರೆ ಆ ಹೊತ್ತು ಸರಿಯಾಗಿದೆ ಎಂದರ್ಥ. ಆಗದಿದ್ದರೆ ಹೊತ್ತನ್ನು ಬದಲಿಸಿ ನೋಡಬೇಕೇ ಹೊರತು, ಗಿಟಾರ್ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ನಂಬಬಾರದು. ರಾತ್ರಿ ಊಟದ ನಂತರದ ಸಮಯ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆಯಾದರೂ ದಣಿದ ಕೈ ಹೊಸದನ್ನು ಹಿಡಿಯುವುದಿಲ್ಲ. ಬೆಳಗಿನ ಕಾಫಿಗೂ ಕೆಲಸಕ್ಕೂ ನಡುವಿನ ಅವಧಿ ಚಿಕ್ಕದಾದರೂ ಉತ್ತಮ.

## ಹಂತ 2: ಆರಂಭಿಸುವ ತಿಂಗಳು

ಕೊಡಗಿನಲ್ಲಿ ವರ್ಷದ ಎಲ್ಲ ತಿಂಗಳುಗಳೂ ಕಲಿಕೆಗೆ ಒಂದೇ ಸಮನಲ್ಲ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಕೊಯ್ಲು ಅದರ ಬೆನ್ನಿಗೇ ಮಾರ್ಚ್‌ವರೆಗೆ ನಡೆಯುವುದರಿಂದ, ತೋಟದವರು ಜನವರಿ ಒಂದರ ಸಂಕಲ್ಪದೊಂದಿಗೆ ತರಗತಿಗೆ ಸೇರುವುದು ವರ್ಷದ ಅತ್ಯಂತ ಕೆಟ್ಟ ಆಯ್ಕೆ. ಅವರಿಗೆ ಜೂನ್ ಅಥವಾ ಜುಲೈ ಅನುಕೂಲಕರ: ಸಂಜೆ ಬೇಗ ಮನೆ ಸೇರುವ ಕಾಲವದು, ಹೊರಗಿನ ಓಡಾಟವೂ ಕಡಿಮೆ. ಹೋಂಸ್ಟೇ ನಡೆಸುವವರು ಶನಿವಾರ, ಭಾನುವಾರದ ತರಗತಿಯನ್ನು ಒಪ್ಪಿಕೊಳ್ಳಲೇಬಾರದು. ಮಂಗಳವಾರ ಅಥವಾ ಬುಧವಾರವನ್ನು ಕೇಳಿ ಪಡೆಯಬೇಕು. ಶಾಲಾ ಶಿಕ್ಷಕರು ಪರೀಕ್ಷೆ, ಮೌಲ್ಯಮಾಪನದ ತಿಂಗಳುಗಳನ್ನು ಬಿಟ್ಟು ಶುರುಮಾಡಲಿ.

## ಹಂತ 3: ಶಿಕ್ಷಕರ ಆಯ್ಕೆ

ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಗೋಣಿಕೊಪ್ಪದಂಥ ಊರುಗಳಲ್ಲಿ ಶಿಕ್ಷಕರ ವಿಷಯ ತಿಳಿಯುವುದು ಬಹುತೇಕ ಬಾಯಿಮಾತಿನಿಂದ. ಚರ್ಚಿನ ಗಾಯನ ತಂಡ, ಶಾಲೆಗಳ ಸಂಗೀತ ಶಿಕ್ಷಕರು, ಮದುವೆ ಸಮಾರಂಭಗಳಲ್ಲಿ ನುಡಿಸುವ ವಾದ್ಯವೃಂದದವರು, ಈ ಮೂರು ಕಡೆ ವಿಚಾರಿಸಿದರೆ ಹೆಸರುಗಳು ಸಿಗುತ್ತವೆ. ವೇದಿಕೆಯ ಮೇಲೆ ಚೆನ್ನಾಗಿ ನುಡಿಸುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ; ವಯಸ್ಕ ಆರಂಭಿಕರನ್ನು ತಾಳ್ಮೆಯಿಂದ ನೋಡಿಕೊಂಡವರ ಹೆಸರನ್ನೇ ಕೇಳಿ.

ದೂರವನ್ನು ಹಗುರವಾಗಿ ಎಣಿಸಬೇಡಿ. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್. ಡಿಸೆಂಬರಿನ ಬಿಸಿಲಲ್ಲಿ ಸಲೀಸಾಗಿ ಕಾಣುವ ಆ ದಾರಿ ಜುಲೈ ತಿಂಗಳ ಮಂಜು ಮಳೆಯಲ್ಲಿ ಹಾಗಿರುವುದಿಲ್ಲ. ತುಸು ಕಡಿಮೆ ಪ್ರತಿಭೆಯ, ಹತ್ತು ನಿಮಿಷದ ದೂರದಲ್ಲಿರುವ ಶಿಕ್ಷಕರು ಬಿಡುವಿಲ್ಲದ ಆರಂಭಿಕರಿಗೆ ಹೆಚ್ಚು ಲಾಭದಾಯಕ ಎಂಬುದು ನನ್ನ ಖಚಿತ ಅಭಿಪ್ರಾಯ.

ತಿಂಗಳ ಶುಲ್ಕ ಕೊಡುವ ಮೊದಲು ಒಂದು ಪ್ರಾಯೋಗಿಕ ತರಗತಿಯನ್ನು ಕೇಳಿ, ಅದಕ್ಕೆ ಹಣ ಕೊಟ್ಟೇ ಕುಳಿತುಕೊಳ್ಳಿ. ಅಲ್ಲಿ ಗಮನಿಸಬೇಕಾದದ್ದು ಶಿಕ್ಷಕರ ಕೈಚಳಕವನ್ನಲ್ಲ, ಅವರ ಕಣ್ಣು ಎಲ್ಲಿದೆ ಎಂಬುದನ್ನು. ನಿಮ್ಮ ಎಡಗೈ ಹೆಬ್ಬೆರಳು ಗಿಟಾರಿನ ಕತ್ತಿನ ಹಿಂಬದಿಯಲ್ಲಿ ಎಲ್ಲಿ ಕುಳಿತಿದೆ, ಭುಜ ಬಿಗಿಯಾಗಿದೆಯೇ ಎಂದು ನೋಡಿ ತಿದ್ದುವವರು ಒಳ್ಳೆಯ ಶಿಕ್ಷಕರು. ನಿಮಗೆ ಯಾವ ಹಾಡುಗಳು ಇಷ್ಟ, ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಸಾಧ್ಯ ಎಂದು ಅವರಾಗಿಯೇ ಕೇಳಿದರೆ ಇನ್ನೂ ಒಳ್ಳೆಯದು. ಎಡಗೈ ರೂಢಿಯವರು ಆ ವಿಷಯವನ್ನು ಇದೇ ತರಗತಿಯಲ್ಲಿ ಪ್ರಸ್ತಾಪಿಸಬೇಕು, ಏಕೆಂದರೆ ಯಾವ ಗಿಟಾರ್ ಕೊಳ್ಳಬೇಕೆಂಬುದು ಅದರ ಮೇಲೆ ನಿಂತಿದೆ.

ಎಚ್ಚರಿಕೆಯ ಸೂಚನೆಗಳು ಹೀಗಿವೆ. ಗಂಟೆಯ ಹೆಚ್ಚಿನ ಭಾಗ ಶಿಕ್ಷಕರೇ ನುಡಿಸುವುದು. ಹಿಂದಿನ ಪಾಠವನ್ನು ಕೇಳದೆ ಪ್ರತಿ ವಾರ ಹೊಸ ಹಾಡು ಕೊಡುವುದು. ಇಂಥದೇ ಅಂಗಡಿಯಿಂದ ಇಂಥದೇ ಗಿಟಾರ್ ಕೊಳ್ಳಲು ಒತ್ತಾಯಿಸುವುದು. ಆರು ತಿಂಗಳ ಶುಲ್ಕವನ್ನು ಮುಂಗಡವಾಗಿ ಕೇಳುವುದು. ಟ್ರಿನಿಟಿ ಕಾಲೇಜ್ ಲಂಡನ್‌ನಂಥ ಸಂಸ್ಥೆಗಳ ಗ್ರೇಡ್ ಪರೀಕ್ಷೆಗಳು ಶಿಸ್ತು ಬೇಕೆನ್ನುವವರಿಗೆ ಒಳ್ಳೆಯವೇ. ಆದರೆ ಮನೆಯವರ ಮುಂದೆ ನಾಲ್ಕು ಹಾಡು ನುಡಿಸುವುದಷ್ಟೇ ನಿಮ್ಮ ಗುರಿಯಾಗಿದ್ದಾಗ ಶಿಕ್ಷಕರು ಪರೀಕ್ಷೆಯ ಪಠ್ಯವನ್ನೇ ಹಿಡಿದರೆ ಹೊಂದಾಣಿಕೆ ಆಗುವುದಿಲ್ಲ.

ಒಪ್ಪಂದವನ್ನು ಮೊದಲ ದಿನವೇ ಬಾಯಿಬಿಟ್ಟು ಮಾತಾಡಿ. ಸಂಕೋಚದಿಂದ ನಾವು ಇದನ್ನು ಮುಂದೂಡುತ್ತೇವೆ, ಆಮೇಲೆ ಮನಸ್ತಾಪ ಬೆಳೆಯುತ್ತದೆ. "ಸರ್, ಕೊಯ್ಲಿನ ಎರಡು ತಿಂಗಳು ನಾನು ಹದಿನೈದು ದಿನಕ್ಕೊಮ್ಮೆ ಮಾತ್ರ ಬರಬಲ್ಲೆ, ತಪ್ಪಿದ ತರಗತಿಯನ್ನು ಹೇಗೆ ಸರಿದೂಗಿಸೋಣ?" ಎಂದು ನೇರವಾಗಿ ಕೇಳಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ನಾಲ್ಕು ತರಗತಿಗಳಿಗೆ ಒಮ್ಮೆ ಶುಲ್ಕ ಕೊಟ್ಟು, ತಪ್ಪಿದ್ದನ್ನು ಮುಂದಿನ ತಿಂಗಳಿಗೆ ಸೇರಿಸಿಕೊಳ್ಳುವ ಪದ್ಧತಿ ಇಬ್ಬರಿಗೂ ನ್ಯಾಯವಾದದ್ದು, ಆದರೆ ಹಿಂದಿನ ದಿನವೇ ತಿಳಿಸುವ ಹೊಣೆ ನಿಮ್ಮದು. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿಯ ರಜೆಗಳನ್ನೂ, ಏಪ್ರಿಲ್–ಮೇ ತಿಂಗಳ ಮದುವೆ ಹಾಗೂ ಕುಟುಂಬಗಳ ಹಾಕಿ ಪಂದ್ಯಾವಳಿಯ ದಿನಗಳನ್ನೂ ಆಗಲೇ ಗುರುತು ಹಾಕಿಕೊಳ್ಳಿ.

## ಹಂತ 4: ಗಿಟಾರ್ ಮತ್ತು ಇತರ ಸಾಮಗ್ರಿ

ಗಿಟಾರನ್ನು ಪ್ರಾಯೋಗಿಕ ತರಗತಿಯ ನಂತರವೇ ಕೊಳ್ಳಬೇಕು. ಅದುವರೆಗೆ ಶಿಕ್ಷಕರ ವಾದ್ಯ ಸಾಕು.

ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರೋ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರೋ ಎಂಬುದು ಮೊದಲ ತೀರ್ಮಾನ. ಉಕ್ಕಿನ ತಂತಿ ಗಟ್ಟಿಯಾಗಿ ಮೊಳಗುತ್ತದೆ, ಸಿನಿಮಾ ಹಾಡು, ಭಾವಗೀತೆಗಳ ಜೊತೆ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ನುಡಿಸಲು ಹೊಂದುತ್ತದೆ, ಆದರೆ ಮೊದಲ ವಾರಗಳಲ್ಲಿ ಬೆರಳ ತುದಿಯನ್ನು ನೋಯಿಸುತ್ತದೆ ಮತ್ತು ನಮ್ಮ ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ನೈಲಾನ್ ತಂತಿ ಬೆರಳಿಗೆ ಮೃದು, ಆದರೆ ಕತ್ತಿನ ಅಗಲ ನಟ್‌ನ (ತಲೆಯ ಬಳಿ ತಂತಿಗಳು ಹಾದುಹೋಗುವ ಪಟ್ಟಿಯ) ಬಳಿ ಸುಮಾರು 52 ಮಿಲಿಮೀಟರ್ ಇರುವುದರಿಂದ ಸಣ್ಣ ಕೈಯವರಿಗೆ ಹಿಡಿತ ಕಷ್ಟ. ಉಕ್ಕಿನ ತಂತಿಯ ಗಿಟಾರಿನಲ್ಲಿ ಇದು ಸುಮಾರು 43 ಮಿಲಿಮೀಟರ್. ಕ್ಲಾಸಿಕಲ್ ಗಿಟಾರಿಗೆ ಎಂದಿಗೂ ಉಕ್ಕಿನ ತಂತಿ ಕಟ್ಟಬೇಡಿ. ಆ ಎಳೆತಕ್ಕೆ ಒಡಲಿನ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಕಿತ್ತು ಬರಬಹುದು, ಕತ್ತು ಬಾಗಬಹುದು.

ಅಂಗಡಿಯಲ್ಲಿ ಹೊಳಪು ನೋಡಿ ಮರುಳಾಗದೆ ಒಂದು ಅಳತೆಪಟ್ಟಿಯನ್ನು ಜೇಬಿನಲ್ಲಿ ಒಯ್ಯಿರಿ. 12ನೇ ಫ್ರೆಟ್‌ನ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಯ) ಮೇಲೆ ದಪ್ಪ ತಂತಿಗೂ ಲೋಹದ ಪಟ್ಟಿಗೂ ನಡುವಿನ ಅಂತರ ಉಕ್ಕಿನ ತಂತಿಯ ಗಿಟಾರಿನಲ್ಲಿ 2.5ರಿಂದ 3 ಮಿಲಿಮೀಟರ್‌ನೊಳಗಿರಬೇಕು. ಹೆಚ್ಚಿದ್ದರೆ ಕಾರ್ಡ್ ಒತ್ತಲು ವಿನಾಕಾರಣ ಬಲ ಬೇಕಾಗುತ್ತದೆ, ನೀವು ಅದನ್ನು ನಿಮ್ಮ ಬೆರಳಿನ ದೌರ್ಬಲ್ಯವೆಂದು ತಿಳಿಯುತ್ತೀರಿ. ಅತಿ ಅಗ್ಗದ ಗಿಟಾರುಗಳಿಂದ ಕಲಿಕೆ ನಿಲ್ಲುವುದು ಬಹುಪಾಲು ಈ ಒಂದೇ ಕಾರಣಕ್ಕೆ. ಬಳಿಕ ಪ್ರತಿಯೊಂದು ತಂತಿಯನ್ನೂ 1ರಿಂದ 12ರವರೆಗಿನ ಎಲ್ಲ ಫ್ರೆಟ್‌ಗಳಲ್ಲಿ ಒತ್ತಿ ಮೀಟಿ, ಎಲ್ಲಿಯಾದರೂ ಝರ್ ಎಂಬ ಸದ್ದು ಬರುತ್ತದೆಯೇ ಕೇಳಿ. ಹಳೆಯ ಗಿಟಾರ್ ಆದರೆ ಬ್ರಿಡ್ಜ್‌ನ ಹಿಂಬದಿ ಮೇಲೆದ್ದಿದೆಯೇ, ಒಳಗೆ ಬೂಷ್ಟಿನ ವಾಸನೆ ಇದೆಯೇ ನೋಡಿ. ಸಾಧ್ಯವಾದರೆ ಶಿಕ್ಷಕರನ್ನೇ ಜೊತೆಗೆ ಕರೆದೊಯ್ಯಿರಿ.

ಗಿಟಾರಿನ ಜೊತೆಗೆ ಬೇಕಾದವು ಸ್ವಲ್ಪವೇ: ಗಿಟಾರಿನ ತಲೆಗೆ ಸಿಕ್ಕಿಸಿ ಶ್ರುತಿ ನೋಡುವ ಕ್ಲಿಪ್ ಟ್ಯೂನರ್, 0.5ರಿಂದ 0.7 ಮಿಲಿಮೀಟರ್ ದಪ್ಪದ ಎರಡು ಮೂರು ಪಿಕ್ (ತಂತಿ ಮೀಟುವ ಬಿಲ್ಲೆ), ಒಳಪದರ ದಪ್ಪವಿರುವ ಚೀಲ, ಒಂದು ಜೊತೆ ಹೆಚ್ಚುವರಿ ತಂತಿ. ಕೇಪೋ (ಕತ್ತಿಗೆ ಬಿಗಿದು ಶ್ರುತಿ ಏರಿಸುವ ಸಾಧನ) ಮೂರನೇ ತಿಂಗಳಲ್ಲಿ ಕೊಂಡರೆ ಸಾಕು. ಫೋನಿನಲ್ಲೇ ಉಚಿತ ಟ್ಯೂನರ್ ಇರುವಾಗ ಕ್ಲಿಪ್ ಏಕೆ ಎಂದು ಕೇಳುವವರಿಗೆ ಉತ್ತರ ಮಳೆಯಲ್ಲಿದೆ: ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ಫೋನಿನ ಮೈಕ್‌ಗೆ ಗಿಟಾರ್ ಕೇಳಿಸುವುದೇ ಇಲ್ಲ, ಕ್ಲಿಪ್ ಟ್ಯೂನರ್ ಮರದ ಕಂಪನವನ್ನು ಗ್ರಹಿಸುವುದರಿಂದ ಅದಕ್ಕೆ ಆ ಸದ್ದಿನ ಹಂಗಿಲ್ಲ.

## ಹಂತ 5: ಶ್ರುತಿ ಮಾಡುವುದು

ಮೊದಲ ತರಗತಿಯಲ್ಲಿ ಕಾರ್ಡ್‌ಗಿಂತ ಮುಂಚೆ ಇದನ್ನೇ ಕಲಿಸಿಕೊಡಲು ಕೇಳಿ. ಶ್ರುತಿ ತಪ್ಪಿದ ಗಿಟಾರಿನಲ್ಲಿ ಸರಿಯಾಗಿ ಒತ್ತಿದ ಕಾರ್ಡ್ ಕೂಡ ಕೆಟ್ಟದಾಗಿ ಕೇಳುತ್ತದೆ, ಕಲಿಯುವವರು ತಮ್ಮ ಕೈಯನ್ನು ಶಂಕಿಸುತ್ತಾರೆ.

ತಂತಿಗಳನ್ನು ತೆಳುವಾದದ್ದರಿಂದ ಎಣಿಸಬೇಕು. ನೆಲದ ಕಡೆಗಿರುವುದು 1, ಮುಖದ ಕಡೆಗಿರುವ ದಪ್ಪ ತಂತಿ 6. ದಪ್ಪದಿಂದ ತೆಳುವಿಗೆ ಅವುಗಳ ಸ್ವರಗಳು ಇ, ಎ, ಡಿ, ಜಿ, ಬಿ, ಇ. ಸ್ವರ ಹೆಚ್ಚಾಗಿದ್ದರೆ ಸಡಿಲಿಸಿ ಕೆಳಗೆ ಇಳಿಸಿ, ಮತ್ತೆ ಕೆಳಗಿನಿಂದ ಮೇಲೆ ಏರಿಸಿ ನಿಲ್ಲಿಸಬೇಕು. ಮೇಲಿನಿಂದ ಇಳಿಸಿ ನಿಲ್ಲಿಸಿದ ತಂತಿ ನುಡಿಸುವಾಗ ಜಾರುತ್ತದೆ. ಅನೇಕ ಟ್ಯೂನರ್‌ಗಳು ಅಕ್ಷರವನ್ನು ಮಾತ್ರ ತೋರಿಸುತ್ತವೆ, ಸ್ಥಾಯಿಯನ್ನು ತೋರಿಸುವುದಿಲ್ಲ. 1ನೇ ತಂತಿಯನ್ನು ಮೇಲಿನ ಸ್ಥಾಯಿಯ ಇ ಕಡೆಗೆ ಎಳೆಯುತ್ತಾ ಹೋಗಿ ತುಂಡರಿಸಿಕೊಳ್ಳುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಕೀ ತಿರುವುವಾಗ ನೀವು ಬೇರೆ ತಂತಿಯನ್ನು ಮೀಟುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ತಂತಿ ಅಸಹಜವಾಗಿ ಬಿಗಿಯೆನಿಸಿದರೆ ಅಲ್ಲೇ ನಿಲ್ಲಿಸಿ.

ಟ್ಯೂನರ್‌ನ ಬ್ಯಾಟರಿ ಮುಗಿದಾಗ 6ನೇ ತಂತಿಯ 5ನೇ ಫ್ರೆಟ್ ಒತ್ತಿದರೆ ಬರುವ ಸ್ವರಕ್ಕೆ 5ನೇ ತಂತಿಯನ್ನು ಹೊಂದಿಸಬಹುದು. ಹೀಗೆಯೇ ಮುಂದುವರಿದು, 3ನೇ ತಂತಿಯಲ್ಲಿ ಮಾತ್ರ 4ನೇ ಫ್ರೆಟ್ ಒತ್ತಿ 2ನೇ ತಂತಿಯನ್ನು ಹೊಂದಿಸಬೇಕು. ಶಾಸ್ತ್ರೀಯ ಸಂಗೀತ ಕಲಿತವರಿಗೆ ಇದು ಒಂದೇ ದಿನದಲ್ಲಿ ಒಲಿಯುತ್ತದೆ.

## ಹಂತ 6: ಮೊದಲ ಎಂಟು ವಾರಗಳ ಅಭ್ಯಾಸ

ಬಹಳ ಮಂದಿ ಸೋಲುವುದು ಇಲ್ಲಿ. ಸೋಲಿಗೆ ಕಾರಣ ಕಾರ್ಡ್‌ಗಳ ಆಕಾರ ಗೊತ್ತಿಲ್ಲದಿರುವುದಲ್ಲ. ಒಂದರಿಂದ ಇನ್ನೊಂದಕ್ಕೆ ಸಮಯಕ್ಕೆ ಸರಿಯಾಗಿ ಹೋಗಲಾಗದಿರುವುದು. ಹತ್ತು ಕಾರ್ಡ್ ಕಲಿತು ಬದಲಿಸಲು ತಡಕಾಡುವವರಿಗಿಂತ ಮೂರು ಕಾರ್ಡ್‌ಗಳನ್ನು ತಾಳ ತಪ್ಪದೆ ಬದಲಿಸುವವರು ಬೇಗ ಹಾಡಿಗೆ ತಲುಪುತ್ತಾರೆ.

ಒಂದು ಬದಲಾವಣೆಯನ್ನು ಹತ್ತಿರದಿಂದ ನೋಡೋಣ. ಎ ಮೈನರ್ ಕಾರ್ಡ್‌ನಲ್ಲಿ ತೋರುಬೆರಳು 2ನೇ ತಂತಿಯ 1ನೇ ಫ್ರೆಟ್‌ನಲ್ಲಿ, ನಡುಬೆರಳು 4ನೇ ತಂತಿಯ 2ನೇ ಫ್ರೆಟ್‌ನಲ್ಲಿ, ಉಂಗುರ ಬೆರಳು 3ನೇ ತಂತಿಯ 2ನೇ ಫ್ರೆಟ್‌ನಲ್ಲಿ ಇರುತ್ತವೆ. ಸಿ ಮೇಜರ್‌ಗೆ ಹೋಗಲು ಮೊದಲ ಎರಡು ಬೆರಳುಗಳು ಅಲುಗಬೇಕಾಗಿಲ್ಲ. ಉಂಗುರ ಬೆರಳೊಂದೇ 5ನೇ ತಂತಿಯ 3ನೇ ಫ್ರೆಟ್‌ಗೆ ದಾಟಿದರೆ ಮುಗಿಯಿತು. ಆದರೂ ಆರಂಭಿಕರು ಮೂರೂ ಬೆರಳುಗಳನ್ನು ಎತ್ತಿ, ಕೈಯನ್ನು ಗಾಳಿಯಲ್ಲಿ ನಿಲ್ಲಿಸಿ, ಕಣ್ಣಿನಿಂದ ಹುಡುಕಿ ಮತ್ತೆ ಒಂದೊಂದಾಗಿ ಇಡುತ್ತಾರೆ. ಇ ಮೇಜರ್‌ನಿಂದ ಎ ಮೈನರ್‌ಗೆ ಹೋಗುವಾಗಲೂ ಹೀಗೆಯೇ: ಮೂರು ಬೆರಳುಗಳ ಆಕಾರ ಒಂದೇ, ಇಡೀ ಆಕಾರವೇ ಒಂದು ತಂತಿ ಕೆಳಕ್ಕೆ, ಅಂದರೆ ತೆಳು ತಂತಿಗಳ ಕಡೆಗೆ, ಸರಿಯುತ್ತದೆ. ಪ್ರತಿ ಹೊಸ ಕಾರ್ಡ್ ಕಲಿತಾಗಲೂ "ಯಾವ ಬೆರಳು ಉಳಿಯುತ್ತದೆ, ಯಾವುದು ಹೋಗುತ್ತದೆ?" ಎಂದು ಶಿಕ್ಷಕರನ್ನು ಕೇಳುವುದು ತಿಂಗಳುಗಟ್ಟಲೆ ಶ್ರಮ ಉಳಿಸುವ ಪ್ರಶ್ನೆ.

ಕಾರ್ಡ್‌ಗಳ ಕ್ರಮ ಇ ಮೈನರ್, ಎ ಮೈನರ್, ಸಿ, ಜಿ, ಡಿ ಎಂದಿದ್ದರೆ ಸಾಕು. ತೋರುಬೆರಳನ್ನು ಅಡ್ಡಲಾಗಿ ಮಲಗಿಸಿ ಒತ್ತುವ ಎಫ್ ಕಾರ್ಡ್ ಮೂರನೇ ತಿಂಗಳವರೆಗೆ ಬೇಡ. ಅದರ ಚಿಕ್ಕ ರೂಪವನ್ನು ಮೇಲಿನ ನಾಲ್ಕು ತಂತಿಗಳಲ್ಲಿ ಹಿಡಿಯುವುದನ್ನು ಮೊದಲು ಕಲಿಯಿರಿ. (ಇಲ್ಲಿ ಮೇಲಿನ ಎಂದರೆ ಸ್ವರದಲ್ಲಿ ಮೇಲಿನ, ಅಂದರೆ 1ರಿಂದ 4.)

ದಿನದ 20 ನಿಮಿಷವನ್ನು ಹೀಗೆ ಬಳಸಿ:

1. ಶ್ರುತಿಗೆ 2 ನಿಮಿಷ.

2. ಎರಡೇ ಕಾರ್ಡ್‌ಗಳ ನಡುವಿನ ಬದಲಾವಣೆಗೆ 6 ನಿಮಿಷ. ಫೋನಿನಲ್ಲಿ ಒಂದು ನಿಮಿಷದ ಗಡಿಯಾರ ಇಟ್ಟು ಎಷ್ಟು ಬಾರಿ ಬದಲಿಸಿದಿರಿ ಎಂದು ಎಣಿಸಿ ಪುಸ್ತಕದಲ್ಲಿ ಬರೆಯಿರಿ. ನಿಮಿಷಕ್ಕೆ 30 ಮುಟ್ಟುವವರೆಗೆ ಆ ಜೋಡಿಯನ್ನು ಹಾಡಿಗೆ ತರಬೇಡಿ.

3. ಬಲಗೈಗೆ 5 ನಿಮಿಷ. ತಾಳ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 60ರಲ್ಲಿ ಇಟ್ಟು, ಎಡಗೈಯಿಂದ ತಂತಿಗಳನ್ನು ಮೆಲ್ಲಗೆ ಅದುಮಿ ಸದ್ದಡಗಿಸಿ, ಮೇಲೆ ಕೆಳಗೆ ಮೀಟುವುದನ್ನು ಮಾತ್ರ ಅಭ್ಯಾಸ ಮಾಡಿ. ನಾಲ್ಕರ ಎಣಿಕೆಯನ್ನಷ್ಟೇ ಕಲಿತು ಆರರ ಎಣಿಕೆಯನ್ನು ಬಿಟ್ಟವರಿಗೆ ನಮ್ಮ ಎಷ್ಟೋ ಭಾವಗೀತೆ, ಜನಪದ ಗೀತೆಗಳು ಕೈಗೆ ಹತ್ತುವುದಿಲ್ಲ.

4. ಉಳಿದದ್ದು ಹಾಡಿಗೆ. ತಪ್ಪಿದ ಕಡೆ ನಿಲ್ಲಿಸದೆ ಬಲಗೈಯನ್ನು ಚಲಿಸುತ್ತಲೇ ಇರಿ. ಎಡಗೈ ಮುಂದಿನ ಎಣಿಕೆಗೆ ಬಂದು ಸೇರಿಕೊಳ್ಳಲಿ.

ಸ್ವರ ಮಂಕಾಗಿ ಅಥವಾ ಝರ್ ಎಂದು ಬಂದರೆ ಹೆಚ್ಚು ಬಲ ಹಾಕುವುದು ಮೊದಲ ಪ್ರತಿಕ್ರಿಯೆ, ಮತ್ತು ಅದು ತಪ್ಪು. ಬೆರಳು ಫ್ರೆಟ್‌ನ ಲೋಹದ ಪಟ್ಟಿಗೆ ತಾಗುವಷ್ಟು ಸಮೀಪ, ಅದರ ಹಿಂಬದಿಯಲ್ಲಿ ಇದೆಯೇ ನೋಡಿ. ಎರಡು ಪಟ್ಟಿಗಳ ನಡುಮಧ್ಯದಲ್ಲಿ ಒತ್ತಿದರೆ ಎರಡರಷ್ಟು ಬಲ ಹಾಕಿದಂತೆ ಕೈ ಸೋಲುತ್ತದೆ. ಎಡಗೈ ಉಗುರುಗಳನ್ನು ಪೂರ್ತಿ ಕತ್ತರಿಸಿರಬೇಕು.

ನೋವಿನ ಬಗ್ಗೆ ಸ್ಪಷ್ಟತೆ ಇರಲಿ. ಬೆರಳ ತುದಿಯ ನೋವು ಸಹಜ. ಮೂರು ನಾಲ್ಕು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟಿನ ನೋವು, ಜುಮ್ಮೆನ್ನುವಿಕೆ, ಬೆರಳು ಮರಗಟ್ಟುವುದು ಸಹಜವಲ್ಲ. ಆಗ ಅಭ್ಯಾಸ ನಿಲ್ಲಿಸಿ ಶಿಕ್ಷಕರಿಗೆ ಕೈಯ ಭಂಗಿ ತೋರಿಸಬೇಕು, ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಬೇಕು. ಇಡೀ ದಿನ ಕತ್ತರಿ ಹಿಡಿದು ಕಾಫಿ ಗಿಡದ ರೆಂಬೆ ಸವರಿದ ದಿನ, ಅಥವಾ ಗಂಟೆಗಟ್ಟಲೆ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದ ದಿನ, ಕಾರ್ಡ್ ಬದಲಾವಣೆಯನ್ನು ಬಿಟ್ಟು ಬಲಗೈ ಅಭ್ಯಾಸ ಮಾತ್ರ ಮಾಡಿ.

## ಹಂತ 7: ತರಗತಿಯ ಗಂಟೆಯನ್ನು ಬಳಸುವುದು

ಹತ್ತು ನಿಮಿಷ ಮೊದಲು ತಲುಪಿ, ಶ್ರುತಿ ಮಾಡಿಕೊಂಡು ಕುಳಿತಿರಿ. ತರಗತಿಯ ಮೊದಲಿಗೇ ಪುಸ್ತಕ ತೆರೆದು "ಈ ವಾರ ಜಿಯಿಂದ ಡಿಗೆ ಹೋಗುವುದು ಆಗಲಿಲ್ಲ" ಎಂದು ನಿರ್ದಿಷ್ಟವಾಗಿ ಹೇಳಿ; "ಸರಿಯಾಗಿ ಬರುತ್ತಿಲ್ಲ" ಎಂದರೆ ಶಿಕ್ಷಕರಿಗೆ ಏನೂ ತಿಳಿಯುವುದಿಲ್ಲ. ಅಭ್ಯಾಸ ಆಗದ ವಾರ ತರಗತಿ ತಪ್ಪಿಸಬೇಡಿ, ಸುಳ್ಳು ನೆಪವನ್ನೂ ಹೇಳಬೇಡಿ. "ಈ ವಾರ ಗಿಟಾರ್ ಮುಟ್ಟಿಲ್ಲ, ಇಲ್ಲೇ ನಿಮ್ಮೆದುರು ಅಭ್ಯಾಸ ಮಾಡಿಸಿ" ಎಂದು ಹೇಳಿದ ಗಂಟೆ ಹಲವು ಬಾರಿ ಹೊಸ ಪಾಠಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಕೊನೆಯ ಐದು ನಿಮಿಷದಲ್ಲಿ ಮುಂದಿನ ವಾರಕ್ಕೆ ತಿದ್ದಬೇಕಾದ ಒಂದೇ ಒಂದು ವಿಷಯವನ್ನು ಬರೆಸಿಕೊಳ್ಳಿ, ಅದನ್ನು ಶಿಕ್ಷಕರು ನಿಧಾನವಾಗಿ ನುಡಿಸಿ ತೋರಿಸುವುದನ್ನು ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ.

## ಹಂತ 8: ಮಳೆಗಾಲದ ವ್ಯವಸ್ಥೆ

2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಅಷ್ಟಲ್ಲದಿದ್ದರೂ ಮರ ಬಿದ್ದು ದಾರಿ ನಿಲ್ಲುವುದು, ಕರೆಂಟ್ ಹೋಗುವುದು ಇಲ್ಲಿ ಪ್ರತಿ ವರ್ಷದ ಸಂಗತಿ. ಹೀಗಾಗಿ ಆನ್‌ಲೈನ್ ತರಗತಿಯ ಏರ್ಪಾಟನ್ನು ಮೇ ತಿಂಗಳಲ್ಲೇ ಪರೀಕ್ಷಿಸಿ ಇಟ್ಟುಕೊಳ್ಳಬೇಕು. ಸದ್ದು ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲಾಗದು. ಒಬ್ಬರು ನುಡಿಸಿ ಇನ್ನೊಬ್ಬರು ಕೇಳಬೇಕು. ವಿಡಿಯೋ ಕರೆಯ ಆ್ಯಪ್‌ಗಳು ಗಿಟಾರಿನ ನಾದವನ್ನು ಗದ್ದಲವೆಂದು ಬಗೆದು ಅಡಗಿಸುತ್ತವೆ. ಝೂಮ್‌ನಲ್ಲಿ ಒರಿಜಿನಲ್ ಸೌಂಡ್ ಎಂಬ ಆಯ್ಕೆಯನ್ನು ತೆರೆದಿಟ್ಟರೆ ಇದು ತಪ್ಪುತ್ತದೆ. ನೆಟ್‌ವರ್ಕ್ ದುರ್ಬಲವಿರುವ ಕಡೆ, ಅಂದರೆ ಜಿಲ್ಲೆಯ ಬಹಳಷ್ಟು ತೋಟದ ಮನೆಗಳಲ್ಲಿ, ಒಂದು ನಿಮಿಷದ ವಿಡಿಯೋ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಶಿಕ್ಷಕರಿಂದ ಧ್ವನಿ ಸಂದೇಶದಲ್ಲಿ ತಿದ್ದುಪಡಿ ಪಡೆಯುವುದೇ ಮೇಲು.

ಗಿಟಾರಿಗೆ ಸುಮಾರು 45ರಿಂದ 55 ಶೇಕಡಾ ಆರ್ದ್ರತೆ ಹಿತ. ಇಲ್ಲಿಯ ಜುಲೈ ಅದಕ್ಕಿಂತ ಬಹಳ ಮೇಲಿರುತ್ತದೆ: ಮರ ಉಬ್ಬುತ್ತದೆ, ಮೇಲ್ಮೈ ಏರಿ ತಂತಿಗಳ ಅಂತರ ಹೆಚ್ಚುತ್ತದೆ, ನಾದ ಮಂಕಾಗುತ್ತದೆ. ಕಣ್ಣೆದುರು ಇದ್ದರೆ ಅಭ್ಯಾಸ ಆಗುತ್ತದೆಂದು ಗಿಟಾರನ್ನು ಸ್ಟ್ಯಾಂಡಿನ ಮೇಲೆ ಇಡಲು ಎಲ್ಲೆಡೆ ಸಲಹೆ ಕೊಡುತ್ತಾರೆ. ಬೇಸಿಗೆಯಲ್ಲಿ ಅದು ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಟಾರ್ ಚೀಲದೊಳಗೆ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ, ಮನೆಯ ಒಳಗೋಡೆಯ ಬಳಿ ಇರಬೇಕು, ಏಕೆಂದರೆ ಮಳೆ ಬಡಿಯುವ ಹೊರಗೋಡೆ ತೇವವನ್ನು ಒಳಕ್ಕೆ ಬಿಡುತ್ತದೆ. ಬಟ್ಟೆ ಒಣಗಿಸುವ ಒಲೆಯ ಹತ್ತಿರವಂತೂ ಇಡಲೇಬೇಡಿ. ಏಕಾಏಕಿ ಒಣಗಿದ ಮರ ಬಿರುಕು ಬಿಡುತ್ತದೆ, ಅಂಟು ಸಡಿಲವಾಗುತ್ತದೆ.

ಪ್ರತಿ ಅಭ್ಯಾಸದ ನಂತರ ಒಣ ಹತ್ತಿಬಟ್ಟೆಯಿಂದ ತಂತಿಗಳನ್ನು ಮೇಲೂ ಕೆಳಗೂ ಒರೆಸಿ. ತಂತಿಯ ಮೇಲೆ ಬೆರಳಾಡಿಸಿದಾಗ ಒರಟೆನಿಸಿದರೆ ಅಥವಾ ಬೆರಳು ಕಪ್ಪಾದರೆ ಬದಲಿಸುವ ಕಾಲ ಬಂದಿದೆ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಸುಮಾರಿಗೆ, ಹೊಸ ತಂತಿ ಹಾಕಿ, ಮೊದಲ ಬಾರಿ ಶಿಕ್ಷಕರ ಎದುರೇ ಹಾಕಿ.

## ಹಂತ 9: ಆರು ತಿಂಗಳ ನಂತರದ ತೀರ್ಮಾನ

ಆರನೇ ತಿಂಗಳ ಕೊನೆಯಲ್ಲಿ ಮೂರು ನಾಲ್ಕು ಹಾಡುಗಳನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲದೆ ನುಡಿಸಲು, ಗಿಟಾರನ್ನು ಸ್ವತಃ ಶ್ರುತಿ ಮಾಡಲು, ಕೇಪೋ ಸರಿಸಿ ನಿಮ್ಮ ಕಂಠಕ್ಕೆ ಹೊಂದುವ ಶ್ರುತಿಯನ್ನು ಹುಡುಕಲು ಬಂದರೆ ಪ್ರಗತಿ ಸರಿಯಾಗಿದೆ. ಆಗ ಹದಿನೈದು ದಿನಕ್ಕೊಮ್ಮೆಯ ತರಗತಿಗೆ ಇಳಿಯಬಹುದು. ಹಣವೂ ಸಮಯವೂ ಉಳಿಯುತ್ತವೆ.

ಬರದಿದ್ದರೆ ಪುಸ್ತಕ ತೆರೆದು ನೋಡಿ. ಅಭ್ಯಾಸದ ದಿನಗಳು ವಾರಕ್ಕೆ ನಾಲ್ಕಕ್ಕಿಂತ ಕಡಿಮೆಯಿದ್ದರೆ ದೋಷ ಹಂತ 1ರಲ್ಲಿದೆ, ಶಿಕ್ಷಕರಲ್ಲಲ್ಲ. ಅಭ್ಯಾಸ ಚೆನ್ನಾಗಿ ನಡೆದಿದ್ದೂ ಬದಲಾವಣೆಗಳ ಎಣಿಕೆ ಎರಡು ತಿಂಗಳಿನಿಂದ ನಿಂತಲ್ಲೇ ನಿಂತಿದ್ದರೆ ಆ ಪುಟಗಳನ್ನು ಶಿಕ್ಷಕರಿಗೆ ತೋರಿಸಿ, ಒಂದು ತಿಂಗಳ ಅವಕಾಶ ಕೊಡಿ. ಆಮೇಲೂ ವಿಧಾನ ಬದಲಾಗದಿದ್ದರೆ ಬೇರೆ ಶಿಕ್ಷಕರನ್ನು ಹುಡುಕುವುದು ತಪ್ಪಲ್ಲ. ಚಿಕ್ಕ ಊರುಗಳಲ್ಲಿ ನಾಳೆ ಸಂತೆಯಲ್ಲೋ ಮದುವೆಯಲ್ಲೋ ಮುಖಾಮುಖಿ ಆಗುವವರೇ ಎಲ್ಲರೂ. ಆದ್ದರಿಂದ ಫೋನ್ ಎತ್ತದೆ ಮರೆಯಾಗುವ ಬದಲು ಬಾಕಿ ಶುಲ್ಕ ತೀರಿಸಿ, ಎದುರಿಗೇ ಹೇಳಿ ಬನ್ನಿ. ಹೊಸ ಶಿಕ್ಷಕರ ಬಳಿ ಹೋಗುವಾಗ ಹಳೆಯ ಪುಸ್ತಕವನ್ನೂ ಒಯ್ಯಿರಿ. ಅದರಲ್ಲಿ ಬರೆದಿರುವ ಎಣಿಕೆಗಳನ್ನು ನೋಡಿ ಎಲ್ಲಿಂದ ಶುರುಮಾಡಬೇಕೆಂದು ಅವರು ಮೊದಲ ಹತ್ತು ನಿಮಿಷದಲ್ಲೇ ನಿರ್ಧರಿಸಬಲ್ಲರು.